ಮಳೆ ಲೆಕ್ಕ ಕಳಿಸೋ ಆಂಟೆನಾ: ಅರಸೀಕೆರೆಯಿಂದ ಬೇಲೂರಿನವರೆಗೆ

ಅರಸೀಕೆರೆಯಲ್ಲಿ ರೈಲು ಇಳಿದು ಹಳೇಬೀಡು, ಬೇಲೂರು ಕಡೆ ಬಸ್ಸು ಹತ್ತಿದರೆ ಒಂದೇ ಜಿಲ್ಲೆಯಲ್ಲಿ ಎರಡು ಲೋಕ ಕಾಣುತ್ತೆ. ಈ ಕಡೆ ಮಳೆಗೆ ಕಾಯೋ ರಾಗಿ, ತೆಂಗು. ಆ ಕಡೆ ಕಾಫಿ ತೋಟ, ಯಗಚಿ ಹೊಳೆ. ಇಡೀ ಜಿಲ್ಲೆಗೆ ಒಂದೇ ಸರಾಸರಿ ಮಳೆ ಅಂತ ಹೇಳಿದರೆ ಯಾವ ರೈತನಿಗೆ ಉಪಯೋಗ?

ಅದಕ್ಕೇ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. 1988ರಲ್ಲಿ ಬರ ಪರಿಸ್ಥಿತಿ ಗಮನಿಸುವ ಕೋಶವಾಗಿ ಶುರುವಾದ, ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವನ್ನು ನೋಡಿಕೊಳ್ಳುತ್ತೆ. ಸೋಲಾರ್ ಪ್ಯಾನೆಲ್, ಬ್ಯಾಟರಿ, ಸಿಮ್ ಕಾರ್ಡ್. 15 ನಿಮಿಷಕ್ಕೊಮ್ಮೆ ಮಾಹಿತಿ ಬೆಂಗಳೂರಿಗೆ. ಬೆಳೆ ವಿಮೆ, ಬರ ಘೋಷಣೆಯಂಥ ವಿಷಯಗಳಲ್ಲಿ ಈ ಅಂಕಿಗಳಿಗೆ ಬೆಲೆಯಿದೆ. ಇಲ್ಲಿ ಆಂಟೆನಾ ಒಂದು ಸಣ್ಣ ಕಡ್ಡಿ, ಅಷ್ಟೇ. ಟವರ್ ಯಾವ ದಿಕ್ಕಲ್ಲಿದ್ದರೂ ಸಿಗಲಿ ಅಂತ ಸುತ್ತಲೂ ಸಮನಾಗಿ ಸಿಗ್ನಲ್ ಹರಡುತ್ತೆ.

ಆದರೆ ಜೋರು ಮಳೆಗೆ ಕರೆಂಟ್ ಹೋಗಿ ಟವರೇ ಮಲಗಿದರೆ? ಮಾಹಿತಿ ಬೇಕಾಗೋದೇ ಆವಾಗ! ಆದ್ದರಿಂದ ಕೇಂದ್ರ ಜಲ ಆಯೋಗ, ಹವಾಮಾನ ಇಲಾಖೆಯ ಅನೇಕ ಕೇಂದ್ರಗಳು ನೇರವಾಗಿ ಇನ್ಸಾಟ್ ಉಪಗ್ರಹಕ್ಕೆ ಕಳಿಸುತ್ತವೆ. ಆವರ್ತನ ಸುಮಾರು 402 ಮೆಗಾಹರ್ಟ್ಸ್, ಅಂದರೆ ತರಂಗದೂರ ಸುಮಾರು 75 ಸೆಂ.ಮೀ. ಹಾಗಾಗಿ ಅರ್ಧ ತರಂಗದ ಕಡ್ಡಿ 37 ಸೆಂ.ಮೀ. ಆಸುಪಾಸು. ಹಳೇ ಮನೆಗಳ ಮೇಲೆ ದೂರದರ್ಶನಕ್ಕೆ ಹಾಕ್ತಿದ್ದರಲ್ಲ, ಅದೇ ಯಾಗಿ ಆಂಟೆನಾ. ಇಲ್ಲಿ ಮಾತ್ರ ಎರಡನ್ನು ಕೂಡಿಸು ಚಿಹ್ನೆಯಂತೆ ಅಡ್ಡಡ್ಡ ಜೋಡಿಸಿ, ಒಂದಕ್ಕೆ 90 ಡಿಗ್ರಿ ಫೇಸ್ ವ್ಯತ್ಯಾಸ ಕೊಡ್ತಾರೆ. ಯಾಕೆ? ಅಯಾನುಗೋಳ ದಾಟುವಾಗ ತರಂಗದ ಪೋಲರೈಸೇಷನ್ ತಿರುಗುತ್ತೆ. ಸಿಗ್ನಲ್ಲನ್ನೇ ವೃತ್ತಾಕಾರವಾಗಿ ಕಳಿಸಿದರೆ ಆ ತಿರುವಿನಿಂದ ನಷ್ಟವಿಲ್ಲ.

ಬೇಲೂರಿನಲ್ಲಿ ಇಂಥದ್ದೊಂದನ್ನು ನಿಲ್ಲಿಸ್ತೀವಿ ಅಂದುಕೊಳ್ಳಿ. 74 ಡಿಗ್ರಿ ಪೂರ್ವ ರೇಖಾಂಶಕ್ಕೆ ಗೊತ್ತುಮಾಡಿದ ಇನ್ಸಾಟ್-3ಡಿಆರ್ ಕಡೆ ತಿರುಗಿಸಬೇಕಾದರೆ, ನಮ್ಮ ಲೆಕ್ಕದ ಪ್ರಕಾರ, ದಕ್ಷಿಣದಿಂದ ಸ್ವಲ್ಪ ಪಶ್ಚಿಮಕ್ಕೆ, ನೆಲದಿಂದ ಸುಮಾರು 74 ಡಿಗ್ರಿ ಎತ್ತಬೇಕು. ಹೆಚ್ಚುಕಮ್ಮಿ ನೆತ್ತಿಯ ಮೇಲೆ! ನೀವೂ ಒಮ್ಮೆ ಮಾಡಿ ನೋಡಿ.

ಹೊಳೆ ಮಟ್ಟ ಅಳೆಯೋದಕ್ಕೂ ಆಂಟೆನಾ ಬೇಕು. ಸೇತುವೆಗೆ ಕೆಳಮುಖವಾಗಿ ಕಟ್ಟಿದ ರೇಡಾರ್ ಸೆನ್ಸರ್ ನೀರಿಗೆ ಸಿಗ್ನಲ್ ಬಿಟ್ಟು ಪ್ರತಿಫಲನ ಹಿಡಿಯುತ್ತೆ. ನೀರು 10 ಮೀಟರ್ ಕೆಳಗಿದ್ದರೆ ಹೋಗಿಬರಲು ಸುಮಾರು 67 ನ್ಯಾನೋಸೆಕೆಂಡ್. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಮಟ್ಟದಲ್ಲಿ 15 ಸೆಂ.ಮೀ. ತಪ್ಪು. ಕಿರಣ ಅಗಲವಾದರೆ ಸೇತುವೆಯ ಕಂಬವನ್ನೇ ನೀರು ಅಂದುಕೊಳ್ಳುತ್ತೆ. ಅದಕ್ಕೇ 26 ಗಿಗಾಹರ್ಟ್ಸ್‌ನಂಥ ಹೆಚ್ಚಿನ ಆವರ್ತನ, ಕೊಳವೆಯಂಥ ಹಾರ್ನ್ ಆಂಟೆನಾ.

ಇಷ್ಟೆಲ್ಲ ಲೆಕ್ಕ ಸರಿಯಿದ್ದೂ ಕೆಡೋದು ಎಲ್ಲಿ ಗೊತ್ತಾ? ಕನೆಕ್ಟರ್‌ನಲ್ಲಿ. ಕೇಬಲ್ಲಿಗೆ ನೀರಿಳಿದು 3 ಡಿಬಿ ನಷ್ಟವಾದರೆ ಅರ್ಧ ಪವರ್ ಹೋಯ್ತು. ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಸ್ವಲ್ಪ ಕೆಳಗೆ ಬಾಗಿಸಿ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಯಗಚಿ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಹರಿಸಬೇಕೆಂದು ರಣಘಟ್ಟ ಯೋಜನೆಗಾಗಿ ರೈತರು ಹೋರಾಡಿದ್ದಾರೆ. ಹೊಳೆಯಲ್ಲಿ ಎಷ್ಟು ನೀರಿದೆ, ಯಾರಿಗೆ ಎಷ್ಟು ಅನ್ನೋ ಮಾತಿಗೆ ಅಳತೆಯೇ ಆಧಾರ. ಆ ಅಳತೆ ಊರು ತಲುಪೋದು ಒಂದು ಆಂಟೆನಾದಿಂದ. ಮುಂದಿನ ಸಲ ಪಂಚಾಯಿತಿ ಆಫೀಸಿನ ಹತ್ತಿರ ಸೋಲಾರ್ ಪ್ಯಾನೆಲ್ ಇರೋ ಕಂಬ ಕಂಡರೆ, ಒಂದು ನಿಮಿಷ ನಿಂತು ನೋಡೋಣ.