ಗಲ್ಲಾಪೆಟ್ಟಿಗೆಗೆ ಬೀಗವಿದೆ, ಲೆಕ್ಕದ ಕಂಪ್ಯೂಟರಿಗೆ?

ಕರೆಂಟ್ ಹೋಗಿದ್ದರಿಂದ ಜಗತ್ತಿನ ಅತಿದೊಡ್ಡ ಹಡಗು ಸಾಗಣೆ ಕಂಪನಿಗಳಲ್ಲೊಂದು ಬಚಾವಾಯಿತು ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ. 2017ರ ಜೂನ್ 27ರಂದು ಡೆನ್ಮಾರ್ಕ್‌ನ ಮೆರ್ಸ್ಕ್ ಕಂಪನಿಯ ಕಚೇರಿಗಳಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೊಂದು ಕಪ್ಪಾದವು. ಉಕ್ರೇನ್‌ನ ವ್ಯಾಪಾರಿಗಳು ಲೆಕ್ಕಪತ್ರಕ್ಕೆ ಬಳಸುತ್ತಿದ್ದ ತಂತ್ರಾಂಶವೊಂದರ ಅಪ್‌ಡೇಟ್‌ನೊಳಗೆ ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಅಡಗಿ ಬಂದಿತ್ತು. ಬಂದರುಗಳ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟಿದವು. ಯಾವ ಕಂಟೇನರ್‌ನಲ್ಲಿ ಏನಿದೆ, ಅದು ಯಾರಿಗೆ ಸೇರಬೇಕು ಎಂದು ಹೇಳುವವರೇ ಇರಲಿಲ್ಲ.

ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ ಎಂಬ ಪಟ್ಟಿಯನ್ನು ಕಾಯುವ ಸರ್ವರ್‌ಗಳು ಆ ಕಂಪನಿಯಲ್ಲಿ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ಪಡೆದರಾಯಿತು ಎಂಬ ಧೈರ್ಯ. ಎಲ್ಲವೂ ಒಟ್ಟಿಗೆ ಅಳಿಸಿಹೋಗಬಹುದೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ ಉಳಿದಿದ್ದು ಘಾನಾ ಕಚೇರಿಯ ಒಂದೇ ಒಂದು ಸರ್ವರ್. ದಾಳಿಗೆ ಸ್ವಲ್ಪ ಮುಂಚೆ ಅಲ್ಲಿ ವಿದ್ಯುತ್ ಕೈಕೊಟ್ಟು ಅದು ಜಾಲದಿಂದ ಕಳಚಿಕೊಂಡಿತ್ತು. ಘಾನಾ ಸಿಬ್ಬಂದಿಗೆ ಬ್ರಿಟನ್ ವೀಸಾ ಇರಲಿಲ್ಲ. ಹಾಗಾಗಿ ಹಾರ್ಡ್‌ಡ್ರೈವನ್ನು ನೈಜೀರಿಯಾದ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ನೌಕರರ ಕೈಗೆ ಒಪ್ಪಿಸಿ, ಅವರ ಮೂಲಕ ಲಂಡನ್‌ಗೆ ಮುಟ್ಟಿಸಬೇಕಾಯಿತು. ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜುಗೊಳಿಸಿದರು. ಕಂಪನಿ ಅಂದಾಜಿಸಿದ ನಷ್ಟ 25ರಿಂದ 30 ಕೋಟಿ ಡಾಲರ್.

ಅದು ದೈತ್ಯ ಕಂಪನಿ, ತಡೆದುಕೊಂಡಿತು. ಇಂಗ್ಲೆಂಡಿನ ‘ನೈಟ್ಸ್ ಆಫ್ ಓಲ್ಡ್’ ಎಂಬ ಲಾರಿ ಸಾಗಣೆ ಸಂಸ್ಥೆಗೆ ಆ ಶಕ್ತಿ ಇರಲಿಲ್ಲ. 1865ರಲ್ಲಿ ಶುರುವಾಗಿ, ಎರಡು ಮಹಾಯುದ್ಧಗಳನ್ನು ದಾಟಿ ಬಂದ ಸಂಸ್ಥೆಯದು. 2023ರ ಜೂನ್‌ನಲ್ಲಿ ‘ಅಕೀರಾ’ ಎಂಬ ಗುಂಪು ಅದರ ಕಂಪ್ಯೂಟರ್‌ಗಳಿಗೆ ನುಗ್ಗಿ, ಕಡತಗಳನ್ನೆಲ್ಲ ಗೂಢಲಿಪಿಗೆ ಬದಲಿಸಿ, ಬಿಡಿಸಿಕೊಡಲು ಹಣ ಕೇಳಿತು. ಸಿಬ್ಬಂದಿಯೊಬ್ಬರ ದುರ್ಬಲ ಪಾಸ್‌ವರ್ಡನ್ನು ಊಹಿಸಿಯೇ ಒಳಬಂದರು ಎಂದು ನಂಬಲಾಗಿದೆ. ಲೆಕ್ಕಪತ್ರಗಳೇ ಸಿಗದ ಸಂಸ್ಥೆಗೆ ಚೇತರಿಸಿಕೊಳ್ಳಲಾಗಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅದು ದಿವಾಳಿಯಾಯಿತು. ಸುಮಾರು 700 ಮಂದಿ ಕೆಲಸ ಕಳೆದುಕೊಂಡರು.

ನಮ್ಮ ದೇಶವೂ ಹೊರತಲ್ಲ

ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕ್ ಶತಮಾನ ಕಂಡ ಸಂಸ್ಥೆ. 2018ರ ಆಗಸ್ಟ್ 11, ಶನಿವಾರ, ಅದರ ಎಟಿಎಂ ವ್ಯವಸ್ಥೆಯೊಳಗೆ ಕುತಂತ್ರಾಂಶ ಸೇರಿಕೊಂಡಿತ್ತು. ‘ಈ ಕಾರ್ಡಿಗೆ ಹಣ ಕೊಡಬಹುದೇ’ ಎಂಬ ಪ್ರಶ್ನೆ ಬ್ಯಾಂಕಿನ ಮೂಲ ಲೆಕ್ಕಕ್ಕೆ ತಲುಪುವ ಮೊದಲೇ ನಡುವೆ ಕೂತ ನಕಲಿ ವ್ಯವಸ್ಥೆ ‘ಕೊಡಿ’ ಎಂದುಬಿಡುತ್ತಿತ್ತು. ಕೆಲವೇ ಗಂಟೆಗಳಲ್ಲಿ ನಕಲಿ ಕಾರ್ಡ್‌ಗಳ ಮೂಲಕ 28 ದೇಶಗಳಲ್ಲಿ ಹಣ ಹೊರಬಂತು. ಸೋಮವಾರ ಹಾಂಗ್‌ಕಾಂಗ್‌ನ ಖಾತೆಯೊಂದಕ್ಕೆ ಇನ್ನಷ್ಟು ಕೋಟಿ ಜಾರಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ದಾಳಿಗೆ ವಾರದ ರಜೆಯನ್ನೇ ಆರಿಸಿಕೊಂಡದ್ದನ್ನು ಗಮನಿಸಬೇಕು. ನಾವು ಬಾಗಿಲು ಹಾಕಿ ಮನೆಗೆ ಹೋಗುವ ಹೊತ್ತನ್ನು ಅವರು ಲೆಕ್ಕ ಹಾಕಿರುತ್ತಾರೆ.

ಇವೆಲ್ಲ ದೊಡ್ಡವರ ಪಾಡು, ನಮ್ಮ ಅಂಗಡಿಯಲ್ಲಿ ಕದಿಯಲು ಏನಿದೆ ಎಂಬ ಮಾತು ವ್ಯಾಪಾರಿಗಳ ಬಾಯಲ್ಲಿ ಸದಾ ಕೇಳಿಬರುತ್ತದೆ. ಏನಿದೆ ಎಂದು ಒಮ್ಮೆ ಎಣಿಸಿ ನೋಡಿ. ಗಿರಾಕಿಗಳ ಹೆಸರು, ಮೊಬೈಲ್ ನಂಬರ್, ಯಾರ ಬಾಕಿ ಎಷ್ಟು ಎಂಬ ವಿವರ. ಕೆಲಸಗಾರರ ಆಧಾರ್ ಮತ್ತು ಪಾನ್ ಪ್ರತಿಗಳು, ಬ್ಯಾಂಕ್ ಖಾತೆ ಸಂಖ್ಯೆಗಳು. ಜಿಎಸ್‌ಟಿ ಲಾಗಿನ್. ಸರಬರಾಜುದಾರರ ಜತೆ ಕುದುರಿಸಿದ ದರ, ನಾಳೆ ಹಾಕಲಿರುವ ಟೆಂಡರಿನ ಮೊತ್ತ. ಬಹುತೇಕ ಕಡೆ ಇದಿಷ್ಟೂ ಮೂಲೆಯ ಒಂದೇ ಕಂಪ್ಯೂಟರ್‌ನಲ್ಲಿರುತ್ತದೆ. ಅದಕ್ಕೆ ಅಂಗಡಿಯ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್, ಮರೆಯದಿರಲೆಂದು ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿ. ‘ಬ್ಯಾಕಪ್ ಇದೆಯಾ?’ ಎಂದರೆ ಸಿಪಿಯು ಹಿಂಬದಿಯಲ್ಲಿ ವರ್ಷಪೂರ್ತಿ ಸಿಕ್ಕಿಸಿಯೇ ಇರುವ ಪೆನ್‌ಡ್ರೈವ್ ತೋರಿಸುತ್ತಾರೆ. ಕಂಪ್ಯೂಟರನ್ನು ಕಟ್ಟಿಹಾಕುವ ರ‍್ಯಾನ್ಸಮ್‌ವೇರ್ ಆ ಪೆನ್‌ಡ್ರೈವನ್ನೂ ಅದೇ ನಿಮಿಷದಲ್ಲಿ ಕಟ್ಟಿಹಾಕುತ್ತದೆ.

ಒಂದು ಮೇಲ್, ಒಂದು ಅಕ್ಷರ

ದೊಡ್ಡ ತಂತ್ರಜ್ಞಾನವೇನೂ ಬೇಡದ ಇನ್ನೊಂದು ವಂಚನೆಯಿದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದು ತೈವಾನ್‌ನಿಂದ ಯಂತ್ರ ತರಿಸುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಕಡೆಗಳಲ್ಲಿ ಒಬ್ಬರ ಮೇಲ್ ಪಾಸ್‌ವರ್ಡ್ ಸೋರಿದರೂ ಸಾಕು. ವಂಚಕ ಏನೂ ಮುಟ್ಟದೆ ವಾರಗಟ್ಟಲೆ ಪತ್ರಗಳನ್ನು ಓದುತ್ತಾನೆ. ಯಂತ್ರದ ಬೆಲೆ, ಬಿಲ್ಲಿನ ನಮೂನೆ, ಸಹಿ ಹಾಕುವವರ ಧಾಟಿ ಎಲ್ಲ ಅವನಿಗೆ ಗೊತ್ತಾಗುತ್ತದೆ. ಹಣ ಕಳಿಸುವ ಹಿಂದಿನ ದಿನ ಬರುತ್ತದೆ ಮೇಲ್: ‘ನಮ್ಮ ಖಾತೆ ಲೆಕ್ಕಪರಿಶೋಧನೆಯಲ್ಲಿದೆ, ಈ ಬಾರಿ ಈ ಹೊಸ ಖಾತೆಗೆ ಹಾಕಿ.’ ಬಿಲ್ ಅದೇ, ಲೋಗೊ ಅದೇ. ವಿಳಾಸದಲ್ಲಿ ಮಾತ್ರ ‘ಎಲ್’ ಅಕ್ಷರದ ಜಾಗದಲ್ಲಿ 1 ಕೂತಿರುತ್ತದೆ. ಮಾರ್ಚ್ ತಿಂಗಳ ಗಡಿಬಿಡಿಯಲ್ಲಿರುವ ಅಕೌಂಟೆಂಟ್ ಕಣ್ಣಿಗೆ ಅದು ಬೀಳುವುದು ಹೇಗೆ? ಖಾತೆ ಬದಲಾಯಿತು ಎಂದೊಡನೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಒಂದು ಫೋನ್ ಮಾಡಿದರೆ ಸಾಕು, ಈ ವಂಚನೆ ಅಲ್ಲಿಗೇ ನಿಲ್ಲುತ್ತದೆ. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾತ್ರ ಕರೆ ಮಾಡಬಾರದು.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ವಿಷಯ. ಆ ತೀರ್ಪಿನ ಹಿನ್ನೆಲೆಯಲ್ಲಿ ಮೂಡಿದ್ದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಜನರ ಮಾಹಿತಿ ಪಡೆದವರು ಅದನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ, ಮಾಹಿತಿಯ ಒಡೆಯರಾದ ಜನರಿಗೂ ತಿಳಿಸಬೇಕು. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿವೆ. ಮುಖ್ಯ ಹೊಣೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶವಿದೆ. ಇದಲ್ಲದೆ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ನಿರ್ದೇಶನ ಹೊರಡಿಸಿದೆ.

ದಂಡಕ್ಕೆ ಹೆದರಿ ಮಾಡುವ ಕೆಲಸ ಇದಾಗಬಾರದು. ಗಿರಾಕಿ ತನ್ನ ನಂಬರ್ ಕೊಡುವುದು, ಕೆಲಸಗಾರ ತನ್ನ ಆಧಾರ್ ಪ್ರತಿ ಕೊಡುವುದು ನಮ್ಮ ಮೇಲಿನ ನಂಬಿಕೆಯಿಂದ. ಆ ಮಾಹಿತಿ ನಮ್ಮ ಬಳಿ ಇದ್ದರೂ ನಮ್ಮ ಸ್ವತ್ತಲ್ಲ. ನಮ್ಮ ಅಸಡ್ಡೆಯಿಂದ ಅದು ಸೋರಿದರೆ, ಸಾಲದ ಹೆಸರಿನಲ್ಲಿ, ಕೆವೈಸಿ ಹೆಸರಿನಲ್ಲಿ ಮೋಸ ಹೋಗುವವರು ಅವರೇ. ಹಾಗಾಗಿ ಡೇಟಾ ಭದ್ರತೆಯನ್ನು ಕಂಪ್ಯೂಟರ್ ರಿಪೇರಿಯವರ ತಲೆಗೆ ಕಟ್ಟಿ ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ತೂಕದಲ್ಲಿ ಮೋಸ ಮಾಡದಿರುವುದು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಮಾಡಬೇಕಾದ್ದು ಏನು?

ಇದಕ್ಕೆ ಲಕ್ಷಗಟ್ಟಲೆ ಖರ್ಚು ಬೇಕಿಲ್ಲ, ಶಿಸ್ತು ಬೇಕು. ಲೆಕ್ಕದ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಅಂಗಡಿಯ ಹೊರಗೆ, ಕಂಪ್ಯೂಟರಿಗೆ ಜೋಡಿಸದೆ ಇರಲಿ. ಮೇಲ್, ಬ್ಯಾಂಕ್, ಜಿಎಸ್‌ಟಿ ಮೂರಕ್ಕೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇಡಿ. ಎಲ್ಲೆಲ್ಲಿ ಎರಡು ಹಂತದ ದೃಢೀಕರಣದ ಸೌಲಭ್ಯವಿದೆಯೋ ಅಲ್ಲೆಲ್ಲ ಅದನ್ನು ಬಳಸಿ. ಒಂದೇ ಲಾಗಿನ್ ಅನ್ನು ನಾಲ್ಕು ಜನ ಹಂಚಿಕೊಳ್ಳುವುದು ಬೇಡ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ. ಅಪ್‌ಡೇಟ್ ಬಂದರೆ ‘ನಾಳೆ ನೋಡೋಣ’ ಎನ್ನಬೇಡಿ. ಕೆಲಸ ಮುಗಿದ ಮೇಲೆ ಬೇಡವಾದ ಆಧಾರ್ ಪ್ರತಿಗಳನ್ನು ವಾಟ್ಸ್‌ಆ್ಯಪ್‌ನಿಂದಲೂ ಅಳಿಸಿ, ಯಾಕೆಂದರೆ ಇಟ್ಟುಕೊಳ್ಳದ ಮಾಹಿತಿ ಸೋರುವುದಿಲ್ಲ. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟಷ್ಟೂ ಹಣ ದೂರ ಹೋಗುತ್ತದೆ.

ವ್ಯಾಪಾರ ನಡೆಸುವ ಪ್ರತಿಯೊಬ್ಬರಲ್ಲೂ ಒಂದೇ ವಿನಂತಿ. ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಬ್ಯಾಕಪ್‌ನಿಂದ ಕಳೆದ ತಿಂಗಳ ಲೆಕ್ಕವನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆದುಕೊಂಡರೆ ನಿಮ್ಮ ಬಳಿ ಬ್ಯಾಕಪ್ ಇದೆ ಎಂದರ್ಥ. ತೆರೆಯದಿದ್ದರೆ ಇಲ್ಲ ಎಂದೇ ತಿಳಿದು, ಅಂದೇ ಸರಿಪಡಿಸಿಕೊಳ್ಳಿ.