ನಿಮಗಿದು ಗೊತ್ತೆ? ಒಂದು ಕೊಲೆ, ನಾಲ್ಕು ಕಥೆ

ಒಂದೇ ಘಟನೆಯನ್ನು ಹಲವರ ಬಾಯಲ್ಲಿ, ಒಂದಕ್ಕೊಂದು ತಾಳೆಯಾಗದಂತೆ ಹೇಳಿಸುವ ಕಥನಕ್ರಮಕ್ಕೆ ‘ರಶೋಮನ್’ ಎಂದೇ ಹೆಸರು ಅಂಟಿಕೊಂಡಿದೆ. ಆ ಹೆಸರು ಬಂದದ್ದು ಅಕಿರ ಕುರೊಸಾವ 1950ರಲ್ಲಿ ತೆಗೆದ ಜಪಾನಿ ಚಿತ್ರದಿಂದ. ಕಾಡಿನಲ್ಲಿ ಸಮುರಾಯ್ ಒಬ್ಬ ಸತ್ತು ಬಿದ್ದಿದ್ದಾನೆ. ದರೋಡೆಕೋರ ಒಂದು ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು. ಸತ್ತವನೂ ಬಿಡುವುದಿಲ್ಲ, ಮೈಮೇಲೆ ಬರಿಸಿಕೊಳ್ಳುವವಳ ಮೂಲಕ ಬಂದು ಸಾಕ್ಷಿ ನುಡಿಯುತ್ತಾನೆ! ತಮಾಷೆಯೆಂದರೆ, ತಪ್ಪಿಸಿಕೊಳ್ಳಬೇಕಾದ ಈ ಮೂವರೂ ಸಾವಿಗೆ ತಾವೇ ಕಾರಣವೆನ್ನುವಂತೆ ಮಾತಾಡುತ್ತಾರೆ. ಕೊನೆಗೆ ಸೌದೆ ಕಡಿಯುವವನದು ಬೇರೆಯದೇ ಕಥೆ.

ವಿಚಾರಣೆ ನಡೆಸುವ ಅಧಿಕಾರಿ ತೆರೆಯ ಮೇಲೆ ಒಮ್ಮೆಯೂ ಕಾಣುವುದಿಲ್ಲ, ಅವನ ದನಿಯೂ ಕೇಳಿಸದು. ಸಾಕ್ಷಿಗಳು ನೇರ ನಮ್ಮತ್ತ ತಿರುಗಿ ಹೇಳುತ್ತಾರೆ. ನ್ಯಾಯಾಧೀಶರ ಕುರ್ಚಿ ಪ್ರೇಕ್ಷಕನದೇ.

ಚಿತ್ರದ ಹೆಸರು ಜಪಾನಿ ಕಥೆಗಾರ ಅಕುತಗಾವ ಬರೆದ ಒಂದು ಕಥೆಯದು, ಕೊಲೆಯ ಪ್ರಸಂಗ ಅವನದೇ 1922ರ ಇನ್ನೊಂದು ಕಥೆಯದು. 1951ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಇದಕ್ಕೆ ಸಿಕ್ಕಿತು.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ನೋಡಿದವರಿಗೆ ಈ ಜಾಡು ಪರಿಚಿತ. ಆದರೆ ಅಲ್ಲಿ ಪತ್ರಕರ್ತೆ ಕಲೆಹಾಕುವ ಮಾತುಗಳು ಪರಸ್ಪರ ಜಗಳವಾಡುವುದಕ್ಕಿಂತ ಒಂದರ ಸಂದನ್ನು ಮತ್ತೊಂದು ತುಂಬುವುದೇ ಹೆಚ್ಚು.