ನೀರಿನ ಬಾಗು, ಅಡಿಕೆಯ ಮೇಣ



ಎಳೆ ಅಡಿಕೆಗೆ ಬರಿಯ ನೀರು ಚಿಮುಕಿಸಿ ನೋಡಿ. ಹನಿಹನಿಯಾಗಿ ಉರುಳಿ ಬೀಳುತ್ತದೆ. ಅದೇ ನೀರಿನಲ್ಲಿ ಮೈಲುತುತ್ತು ಸಲೀಸಾಗಿ ಕರಗುತ್ತದೆ. ಇದರ ಗುಟ್ಟು ಅಣುವಿನ ಆಕಾರದಲ್ಲಿದೆ.

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳಿವೆ. ಅವು ನೇರ ಸಾಲಿನಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವುದರಿಂದ ಅದರ ಬದಿ ಸ್ವಲ್ಪ ಋಣ, ಜಲಜನಕದ ಬದಿ ಸ್ವಲ್ಪ ಧನ. ಇದೇ ಧ್ರುವೀಯತೆ. ಇಂಗಾಲದ ಡೈಆಕ್ಸೈಡಿನಲ್ಲೂ ಇಂತಹ ಸೆಳೆತವಿದೆ. ಆದರೆ ಆ ಅಣು ನೇರ. ಸಮಬಲದ ಇಬ್ಬರು ಹಗ್ಗವನ್ನು ಎದುರುಬದುರಾಗಿ ಎಳೆದಂತೆ, ಒಂದರ ಸೆಳೆತವನ್ನು ಇನ್ನೊಂದು ಅಳಿಸುತ್ತದೆ. ಆದ್ದರಿಂದ ಅದಕ್ಕೆ ಧ್ರುವೀಯತೆಯಿಲ್ಲ.

ಮೈಲುತುತ್ತಿನಲ್ಲಿ ತಾಮ್ರ ಧನ, ಸಲ್ಫೇಟು ಋಣ. ನೀರಿನ ಎರಡು ಬದಿಗಳು ಅವನ್ನು ಸುತ್ತುವರಿದು ಬೇರ್ಪಡಿಸುತ್ತವೆ. ಕಾಯಿಯ ಮೇಣದಲ್ಲಾದರೋ ಹಿಡಿತಕ್ಕೆ ಸಿಗುವಂತಹ ಬದಿಗಳು ಇಲ್ಲವೆನ್ನುವಷ್ಟು ಕಡಿಮೆ; ನೀರು ಅಂಟದು.

ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬಗ್ಗೆ ಬರೆದರು. ಅಂದಿನಿಂದ ಬೋರ್ಡೋ ದ್ರಾವಣವೇ ನಮ್ಮ ಆಸರೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದು ಜಾರಿಹೋದರೆ ಖರ್ಚೂ ಹೋಯಿತು, ಫಸಲೂ ಹೋಯಿತು. ಅದಕ್ಕೇ ರಾಳ-ಸೋಡ ಬೆರೆಸುವುದು. ಆ ಸಾಬೂನಿನ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ಮೇಣಕ್ಕೆ ಒಲಿಯುತ್ತದೆ. ದ್ರಾವಣ ಹರಡಿ ನಿಲ್ಲುತ್ತದೆ.

ಹೊಡೆಯುವ ಮೊದಲು ಉಜ್ಜಿದ ಚೂರಿಯನ್ನು ದ್ರಾವಣದಲ್ಲಿ ಅದ್ದಿ. ಕೆಂಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿ. ಮಳೆ ಬಿಟ್ಟು ಗೊನೆ ಆರಿದ ಮೇಲೆಯೇ ಸಿಂಪಡಿಸಿ.